ಹತ್ತು ಸಾಲು

ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಮುಚ್ಚಿದರೆ ಹನಿಯುತ್ತಿತ್ತು. ಸಂಪಾದಕ ಮುಖದ ತುಂಬ ಸೋಪು ಹಚ್ಚಿಕೊಂಡು ನಿಂತು ಅದನ್ನು ಮೂರು ಸಲ ತಿರುಗಿಸಿದ, ನಾಲ್ಕನೆಯ ಸಲ ಬೈದ. ಯುದ್ಧ ಶುರುವಾಗಿ ಐದು ದಿನ, ನಲ್ಲಿ ಕೆಟ್ಟು ಐದು ತಿಂಗಳು. ಎರಡಕ್ಕೂ ಕಾರಣ ಕೇಳಿದರೆ ಎಲ್ಲರೂ ಮೇಲಿನವರ ಕಡೆ ಬೆರಳು ತೋರಿಸುತ್ತಿದ್ದರು. ಹಿಂದಿನಿಂದ ಹೆಂಡತಿ ಚೊಂಬಿನಲ್ಲಿ ಬಿಸಿನೀರು ತಂದಿಟ್ಟಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನಿಗೆ ಜ್ವರ ಬಂದ ದಿನಗಳನ್ನು ಬಿಟ್ಟರೆ ಅವಳು ಹೀಗೆ ನೀರು ಕಾಯಿಸಿ ತಂದವಳಲ್ಲ. ಕೈಕಾಲು ಗಟ್ಟಿ ಇದೆ, ಒಲೆಯೂ ಅಲ್ಲೇ ಇದೆ ಎನ್ನುವವಳು. ಇವತ್ತು ತಂದಳೆಂದರೆ ಅವಳ ತಲೆಯಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಏನಿದೆ ಎಂದೂ ಗೊತ್ತಾಗಿ ಅವನು ಮತ್ತೆ ನಲ್ಲಿ ತಿರುಗಿಸಿದ.

“ನಿನ್ನೆ ಕಮಿಟೀಲಿ ಆ ಕಡೆ ಎಷ್ಟು ಜನ ಕೈ ಎತ್ತಿದ್ರು, ಈ ಕಡೆ ಎಷ್ಟು ಜನ?” ಎಂದಳು.

“ಹನ್ನೊಂದು, ಎರಡು.”

“ಬರೀ ಎರಡಾ? ಹೋಗ್ಲಿ ಬಿಡಿ. ಎರಡರಲ್ಲಿ ಒಂದು ನಮ್ಮನೇದು ಅಂತಾದ್ರೂ ಆಯ್ತಲ್ಲ.”

ಅಲ್ಲ ಎನ್ನಬೇಕಾಗಿತ್ತು. ಬಾಯಿಗೆ ಸೋಪು ಹೋಗಿತ್ತು. ಉಗುಳಿ, ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ತಿರುಗುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು, ಅವನೂ ಅಷ್ಟು ಹೊತ್ತನ್ನು ಬೇಕೆಂದೇ ತೆಗೆದುಕೊಂಡಿದ್ದ. ಒಳಗೆ ಬಾಗಿಲ ಹಿಂದೆ ಒಂದು ಬಟ್ಟೆಚೀಲ. ಬಿಚ್ಚಿ ನೋಡಿದ: ಎರಡು ಅಂಗಿ, ಒಂದು ಟವೆಲು, ಸೋಪಿನ ಅರ್ಧ ತುಂಡು, ಕಾಲು ಮುರಿದು ದಾರ ಸುತ್ತಿದ್ದ ಅವನ ಹಳೆಯ ಕನ್ನಡಕ. ಯುದ್ಧದ ವಿರುದ್ಧ ಬರೆದವರಿಗೆ ಎರಡು ವರ್ಷ ಜೈಲು ಎಂದು ಬೀದಿಬೀದಿಯ ಗೋಡೆಗೆ ನೋಟೀಸು ಅಂಟಿಸಿದ್ದರು. “ಅಲ್ಲಿ ಹೊದೆಯೋಕೆ ಏನಾದ್ರೂ ಕೊಡ್ತಾರಂತಾ? ಇಲ್ಲಾಂದ್ರೆ ಅದನ್ನೂ ಇಡ್ತೀನಿ” ಎಂದು ಅವಳು ಊಟದ ಡಬ್ಬಿಯ ಮುಚ್ಚಳ ಒತ್ತುತ್ತ ಕೇಳಿದಳು, ನೆಂಟರ ಮನೆಗೆ ಹೊರಟವನನ್ನು ಕೇಳುವ ಹಾಗೆ. ಆ ಚೀಲವನ್ನು ನೋಡಿ ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವಳಿಗೆ ಯಾರು ಹೇಳಿದರು? ಒಂದು ಮಾತು ಕೇಳಬಾರದೇ? ಗಂಡ ಇಂಥವನೇ ಎಂದು ತಾನೇ ತೀರ್ಮಾನ ಮಾಡಿಕೊಂಡು ಚೀಲ ತುಂಬಿಸಿಟ್ಟರೆ, ಅಂಥವನಲ್ಲ ಎಂದು ಅವನು ಯಾವ ಬಾಯಲ್ಲಿ ಹೇಳುವುದು?

“ಏನಾಯ್ತು, ಮುಖ ಯಾಕೆ ಹಂಗೆ?”

“ನಲ್ಲಿ” ಎಂದ ಅವನು. “ಆ ಹಾಳು ನಲ್ಲಿ.”

ಹಿಂದಿನ ಸಂಜೆ ಕಾರ್ಮಿಕ ಸಂಘದ ಕೋಣೆಯಲ್ಲಿ ಕೂತಿದ್ದವರು ಕಮಿಟಿಯ ಹದಿಮೂರು ಜನ. ಅಧ್ಯಕ್ಷ ಬಣ್ಣ ಹಾಕುವ ಕಾರ್ಖಾನೆಯವನು. ಮೊಣಕೈವರೆಗೆ ಏರಿದ ನೀಲಿ ಮೂವತ್ತು ವರ್ಷದಿಂದ ತೊಳೆದರೂ ಹೋಗಿರಲಿಲ್ಲ. ಆ ನೀಲಿ ಕೈಯಲ್ಲಿ ಅವನು ಒಂದು ಪತ್ರಿಕೆಯನ್ನು ಎತ್ತಿ ಅಲ್ಲಾಡಿಸುತ್ತಿದ್ದ. ಗಡಿಯಾಚೆಯ ಕಾರ್ಮಿಕರ ಪತ್ರಿಕೆ, ಟಪಾಲು ನಿಲ್ಲುವ ಮುಂಚೆ ಬಂದ ಕೊನೆಯ ಸಂಚಿಕೆ. ಎರಡು ವರ್ಷದ ಹಿಂದೆ ಏಳು ದೇಶಗಳ ಕಾರ್ಮಿಕ ಪತ್ರಿಕೆಗಳವರು ಒಂದು ಬಂದರಿನ ಗೋದಾಮಿನಲ್ಲಿ ಸೇರಿ ಆಣೆ ಮಾಡಿದ್ದರು: ಯುದ್ಧ ಬಂದ ವಾರ ಏಳೂ ಪತ್ರಿಕೆಗಳ ಮೊದಲ ಪುಟದಲ್ಲಿ ಒಂದೇ ಹೇಳಿಕೆ ಬರಬೇಕು, ನಾವು ಒಬ್ಬರನ್ನೊಬ್ಬರು ಕೊಲ್ಲುವುದಿಲ್ಲ ಎಂದು. ಸಂಪಾದಕನೂ ಹೋಗಿದ್ದ. ಅಲ್ಲಿ ಗಡಿಯಾಚೆಯ ಪತ್ರಿಕೆಯವನೊಬ್ಬ, ನೂಲು ತೆಗೆಯುತ್ತಿದ್ದವನು, ಇವನ ಪಕ್ಕ ಕೂತಿದ್ದ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆತ ತನ್ನ ಬೆರಳ ಸಂದಿನಲ್ಲಿ ನೂಲು ಕೊಯ್ದ ಗುರುತು ತೋರಿಸಿದ, ಮಗ್ಗದ ರಿಪೇರಿ ಮಾಡುತ್ತಿದ್ದ ಇವನು ತನ್ನ ಜಜ್ಜಿಹೋದ ಉಗುರು ತೋರಿಸಿದ, ಇಬ್ಬರೂ ಮದುವೆಮನೆಯಲ್ಲಿ ಸಿಕ್ಕ ಬಾವ-ಮೈದುನರ ಹಾಗೆ ನಕ್ಕರು. ಈಗ ಅದೇ ಮನುಷ್ಯನ ಪತ್ರಿಕೆಯ ಮೊದಲ ಪುಟದಲ್ಲಿ ಅವರ ಬಾವುಟ, ಅದರ ಕೆಳಗೆ ‘ನಮ್ಮ ನೆಲ, ನಮ್ಮ ಕರ್ತವ್ಯ’ ಎಂಬ ತಲೆಬರಹ.

“ನೋಡ್ರಪ್ಪ” ಎಂದ ಅಧ್ಯಕ್ಷ. “ಆಣೆ ಇಟ್ಟವರೇ ಹಾಕಿಲ್ಲ. ನಾವೊಬ್ಬರೇ ಹಾಕಿದ್ರೆ ಹುಚ್ಚರು ಅಂತಾರೆ. ಪ್ರೆಸ್ಸಿಗೆ ಬೀಗ ಬೀಳುತ್ತೆ. ಪತ್ರಿಕೆ ಉಳೀಬೇಕೋ ಬೇಡ್ವೋ, ಅದನ್ನ ಹೇಳಿ.”

ಗಡಿಯಾಚೆಯ ಇಂಥದೇ ಕೋಣೆಯಲ್ಲಿ ಇಂಥದೇ ಅಧ್ಯಕ್ಷನೊಬ್ಬ ನಮ್ಮ ಪತ್ರಿಕೆ ಅಲ್ಲಾಡಿಸಿ ಇದೇ ಮಾತು ಹೇಳಿರುತ್ತಾನೆ ಎಂದು ಸಂಪಾದಕನಿಗೆ ಅನ್ನಿಸಿತು. ಅವನ ಕೈಯಲ್ಲಿದ್ದ ಸಂಚಿಕೆಯಲ್ಲಿ ಏನಿತ್ತು? ‘ಕಾದು ನೋಡೋಣ’ ಎಂಬ ಲೇಖನ. ಬರೆದವನು ತಾನೇ. ಅವರು ನಮ್ಮನ್ನು ನೋಡಿ ಹೆದರಿದರು, ನಾವು ಅವರನ್ನು ನೋಡಿ ಹೆದರಿದೆವು, ನಡುವೆ ಟಪಾಲಿನವನು ಇಬ್ಬರ ಹೆದರಿಕೆಯನ್ನೂ ಹೊತ್ತು ತಿರುಗಿದ. ಈ ಮಾತನ್ನು ಎದ್ದು ಹೇಳಬೇಕೆಂದು ಅವನು ವಾಕ್ಯ ಜೋಡಿಸಿಕೊಳ್ಳುತ್ತಿದ್ದ. ಜೋಡಿಸುವುದು ಅವನ ಚಾಳಿ. ಮೊದಲು ಯಾವುದು, ಆಮೇಲೆ ಯಾವುದು, ಎಲ್ಲಿ ನಿಲ್ಲಿಸುವುದು. ಅಷ್ಟರಲ್ಲಿ ಅಧ್ಯಕ್ಷ, ಆ ಹೇಳಿಕೆ ಬೇಡ, ಯುದ್ಧದ ಪರವಾಗಿ ಸಂಪಾದಕರೇ ಬರೆಯಲಿ, ಒಪ್ಪಿದವರು ಕೈ ಎತ್ತಿ ಎಂದ. ಎಡಗಡೆಯವನು ಎತ್ತಿದ, ಬಲಗಡೆಯವನು ಎತ್ತಿದ, ನಡುವೆ ಇವನ ಕೈ ತೊಡೆಯ ಮೇಲೆ ಒಂಟಿಯಾಗಿ ಬಿದ್ದಿತ್ತು. ಅಧ್ಯಕ್ಷ ಎಣಿಸುತ್ತ ಬಂದು ಇವನ ಹತ್ತಿರ ನಿಂತು, ತುಂಬ ಪ್ರೀತಿಯಿಂದ, “ಏನಯ್ಯಾ?” ಎಂದ. ಕೈ ಎದ್ದಿತು. ಅದನ್ನು ತಾನೇ ಎತ್ತಿದೆ ಎಂದು ಈಗಲೂ ಅವನಿಗೆ ನಂಬಿಕೆ ಬರುತ್ತಿಲ್ಲ, ಬೇರೆ ಯಾರೂ ಎತ್ತಿಲ್ಲವೆಂದು ಗೊತ್ತಿದ್ದರೂ. ಸಂಪಾದಕನಾಗಿ ಉಳಿದರೆ ಮುಂದೆ ಏನಾದರೂ ಮಾಡಬಹುದು ಎಂಬ ಕಾರಣ ಹೊಳೆದದ್ದು ಕೈ ಇಳಿದ ಮೇಲೆ.

ದಾರಿಯಲ್ಲಿ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಕೆನ್ನೆ ಬಿಟ್ಟು ಹೊರಗೆ ಬಂದ. ಹತ್ತು ವರ್ಷದಿಂದ ಪತ್ರಿಕೆಯನ್ನು ಪುಕ್ಕಟೆ ಓದಿ ಪ್ರತಿವಾರ ತಪ್ಪು ಹುಡುಕುವವನು. “ಸಂಪಾದಕರೇ, ಈ ವಾರ ಬಿಸಿ ಬಿಸಿ ಇರುತ್ತಲ್ವಾ? ನಿಮ್ಮವರು ಏನಂತಾರೆ?”

“ಓದಿ ನೋಡಿ.”

“ಓದ್ತೀನಿ, ಓದ್ತೀನಿ. ಜೈಲಿಗೆ ಹೋಗೋ ಮುಂಚೆ ಒಂದ್ಸಲ ಬನ್ನಿ, ತಲೆ ನೀಟಾಗಿ ಮಾಡಿ ಕಳಿಸ್ತೀನಿ. ಅಲ್ಲಿ ಹಾಳುಮಾಡಿ ಬಿಡ್ತಾರೆ.” ಗಿರಾಕಿ ಸೋಪಿನ ಮುಖದಲ್ಲೇ ನಕ್ಕ. ಊರಿಗೆ ಊರೇ ಅವನನ್ನು ಜೈಲಿಗೆ ಕಳಿಸಿ ಆಗಿತ್ತು. ತಾನು ಮಾತ್ರ ಹಿಂದೆ ಉಳಿದುಬಿಟ್ಟಿದ್ದ.

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಮುದುಕ ಆಗಲೇ ಕೂತಿದ್ದ. ಯಾರಿಗೂ ದೊಡ್ಡಪ್ಪನಲ್ಲದಿದ್ದರೂ ಎಲ್ಲರಿಗೂ ದೊಡ್ಡಪ್ಪ. ಮೇಜಿನ ಕೆಳಗಿನ ತಟ್ಟೆಯನ್ನು ಎಳೆದು ಮೇಲಿಟ್ಟು ಬಟ್ಟೆಯಿಂದ ಧೂಳು ಹೊಡೆಯುತ್ತಿದ್ದ. ಎರಡು ವರ್ಷದ ಹಿಂದೆ ಬಂದರಿನಿಂದ ಬಂದ ವಾರವೇ ಸಂಪಾದಕ ಆ ಹೇಳಿಕೆಯನ್ನು ಬರೆದು, ಕೊನೆಗೆ ತನ್ನದೇ ಹತ್ತು ಸಾಲು ಸೇರಿಸಿ ಕೊಟ್ಟಿದ್ದ. ಯುದ್ಧ ಬಂದ ದಿನ ಗಡಿಬಿಡಿ ಆಗಬಾರದೆಂದು ದೊಡ್ಡಪ್ಪ ಆಗಲೇ ಪೂರ್ತಿ ಜೋಡಿಸಿ, ಸುತ್ತ ದಾರ ಬಿಗಿದು, ಹಳೆಯ ಪತ್ರಿಕೆ ಹೊದಿಸಿ ಇಟ್ಟಿದ್ದ. ಅಕ್ಷರ ಸಾಲದೆ ಬಂದಾಗಲೂ ಆ ತಟ್ಟೆಯಿಂದ ಒಂದು ಮೊಳೆ ತೆಗೆಯಲು ಬಿಟ್ಟವನಲ್ಲ. ಒಮ್ಮೆ ಸಂಪಾದಕನ ಕೈಗೇ ಹೊಡೆದಿದ್ದ.

“ಮೊದಲ ಪುಟಕ್ಕೇ ಇಡ್ಲಾ?” ಎಂದ ದೊಡ್ಡಪ್ಪ.

“ಇಲ್ಲ.” ಸಂಪಾದಕ ಜೇಬಿನಿಂದ ಕಾಗದ ತೆಗೆದ. “ಇದು. ಕಮಿಟಿ ತೀರ್ಮಾನ.”

ದೊಡ್ಡಪ್ಪ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಸಂಪಾದಕ ಕಾದ. ಬೈಯಲಿ ಎಂದು ಕಾದ. ಕೈಯಲ್ಲಿದ್ದ ಚಿಮಟವನ್ನು ಎಸೆಯಲಿ, ಜೋಡಿಸೋದಿಲ್ಲ ಹೋಗು ಅನ್ನಲಿ, ನಿನ್ನಂಥವನಿಗೆ ಎರಡು ವರ್ಷ ಈ ತಟ್ಟೆ ಕಾದೆನಲ್ಲ ಎಂದು ಮುಖಕ್ಕೆ ಉಗಿಯಲಿ. ಆಗ ತಾನೂ ಜಗಳಕ್ಕೆ ನಿಲ್ಲಬಹುದು, ಸೋಲಬಹುದು, ಮುದುಕ ಒಪ್ಪಲಿಲ್ಲ ಎಂದು ಅಧ್ಯಕ್ಷನಿಗೆ ಹೇಳಬಹುದು. ದೊಡ್ಡಪ್ಪ ಕಾಗದ ಕೆಳಗಿಟ್ಟು, “ಇಷ್ಟುದ್ದ ಬರೆದಿದೀರಿ. ಅಕ್ಷರ ಸಾಲಲ್ಲ” ಎಂದ. “ಈ ಕಟ್ಟು ಬಿಚ್ಚಬೇಕಾಗುತ್ತೆ.”

“ಬಿಚ್ಚಬೇಕಾ?”

“ನಮ್ಮಲ್ಲಿ ಇರೋದೇ ಇಷ್ಟು. ಅದರಲ್ಲಿ ಅರ್ಧ ಇಲ್ಲಿ ಕೂತಿದೆ. ಬಿಚ್ಚಲೋ, ಬೇಡ್ವೋ?”

“ನಿಮಗೆ ಏನನ್ಸುತ್ತೆ?”

“ನನಗೆ ಅನ್ಸೋಕೆ ನೀವು ಸಂಬಳ ಕೊಡಲ್ಲ.”

“ಬಿಚ್ಚಿ” ಎಂದ ಸಂಪಾದಕ. ದೊಡ್ಡಪ್ಪ ದಾರ ಕಿತ್ತ. ಮುದುಕನ ಬೆರಳು ಸಾಲು ಸಾಲಾಗಿ ಮೊಳೆಗಳನ್ನು ಎತ್ತಿ ಗೂಡುಗೂಡಿಗೆ ಹಾಕುತ್ತ ಹೋಯಿತು, ಕಾಳು ಆರಿಸುವವರ ಹಾಗೆ, ಮುಖದಲ್ಲಿ ಏನೂ ಇಲ್ಲದೆ. ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಎತ್ತಿ ಹೊಸದನ್ನು ಜೋಡಿಸಿದ. ಸಂಪಾದಕ ಮೂಲೆಯ ಸ್ಟೂಲಿನ ಮೇಲೆ ಕೂತು, ಕೊಲ್ಲುವುದಿಲ್ಲ ಎಂದು ಹೇಳಲು ಎರಡು ವರ್ಷ ನಿಂತಿದ್ದ ಸೀಸವೇ ಈಗ ಒಂದು ಗೂಡಿನಿಂದ ಹೊರಟು ಕೊಲ್ಲೋಣ ಎಂದು ಸಾಲಾಗಿ ನಿಲ್ಲುವುದನ್ನು ನೋಡಿದ. ಸೀಸಕ್ಕೆ ಏನೂ ಅನ್ನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ತಟ್ಟೆಯಲ್ಲಿ ಉಳಿದದ್ದು ಕೊನೆಯ ಹತ್ತು ಸಾಲು ಮಾತ್ರ, ಅದು ಬೇಕಾಗಲಿಲ್ಲ.

ಆಗ ಸೂಜಿ ಬಂದಳು. ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಂಗಸರ ಪರವಾಗಿ ಕಮಿಟಿಯಲ್ಲಿ ಇದ್ದವಳು, ಹೆಂಡತಿಯ ಪಕ್ಕದ ಮಷೀನಿನವಳು. ತೆಳ್ಳಗಿದ್ದಳು, ಮಾತು ಚುಚ್ಚುತ್ತಿತ್ತು, ಆ ಹೆಸರು ಹಾಗೆ ಬಂದಿತ್ತು. ಹಿಂದಿನ ಸಂಜೆಯ ಎರಡರಲ್ಲಿ ಒಬ್ಬಳು.

“ಅಣ್ಣ, ಈ ವಾರದ ‘ಹತ್ತು ಸಾಲು’ ನನ್ನದು.”

‘ಹತ್ತು ಸಾಲು’ ಎರಡನೆಯ ಪುಟದ ಅಂಕಣ. ಸಂಘದ ಯಾವ ಸದಸ್ಯ ಏನು ಬರೆದುಕೊಟ್ಟರೂ, ಹತ್ತು ಸಾಲಿನೊಳಗಿದ್ದು ಕೆಳಗೆ ಹೆಸರಿದ್ದರೆ, ಒಂದಕ್ಷರ ತಿದ್ದದೆ ಹಾಕಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ಸಂಪಾದಕ ಕತ್ತೆ ಎಂದು ಒಬ್ಬ ಬರೆದದ್ದೂ ಹಾಗೇ ಅಚ್ಚಾಗಿತ್ತು. ಈ ವಾರ ಅದು ಬೇಡ ಎಂದು ಅಧ್ಯಕ್ಷ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದ.

“ಎಲ್ಲಿ, ಕೊಡು.”

“ಬರೆದು ತಂದಿಲ್ಲ. ಇಲ್ಲೇ ಇದೆಯಲ್ಲ.” ಅವಳು ತಟ್ಟೆಯಲ್ಲಿ ಉಳಿದಿದ್ದ ಸಾಲುಗಳ ಮೇಲೆ ಬೆರಳಿಟ್ಟಳು. “ಇದನ್ನೇ ಹಾಕಿ. ಕೆಳಗೆ ನನ್ನ ಹೆಸರು.”

“ಅದು ನಾನು ಬರೆದದ್ದು.”

“ಗೊತ್ತು. ನಿಮಗೆ ಬೇಡ ಅಂದ್ರಲ್ಲ, ಅದಕ್ಕೆ ತಗೊಂಡೆ.”

ದೊಡ್ಡಪ್ಪ ಕೆಮ್ಮಿದ. ನಕ್ಕನೋ ಏನೋ.

“ನೋಡು ತಂಗಿ, ನೋಟೀಸು ಓದಿಲ್ವಾ ನೀನು? ಹೆಸರು ಹಾಕಿದ್ರೆ ನೇರವಾಗಿ ನಿನ್ನ ಮನೆಗೇ ಬರ್ತಾರೆ.”

“ಬರ್ಲಿ. ನಿನ್ನೆ ಸಂಜೆ ನಾನು ನಿಮ್ಮ ಮುಖವನ್ನೇ ನೋಡ್ತಾ ಕೂತಿದ್ದೆ ಅಣ್ಣ. ಇವರು ಎತ್ತಲ್ಲ, ನಾವು ಮೂರು ಜನ ಆಗ್ತೀವಿ ಅಂತ. ಆಮೇಲೆ ಮನೆಗೆ ಹೋಗಿ ಅತ್ತಿಗೆಗೆ ಹೇಳೋಣ ಅನ್ಕೊಂಡೆ. ಬಾಯಿ ಬರ್ಲಿಲ್ಲ. ನೀವೇ ಹೇಳ್ತೀರಲ್ಲ ಅಂತ ಬಿಟ್ಟೆ. ಹೇಳಿದ್ರಾ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಊಟದ ಬಿಡುವು ಮುಗಿಯುತ್ತದೆ ಎಂದು ಓಡಿದಳು. ಅವಳು ಹೋದ ಮೇಲೆ ಅವನು ಅತ್ತಿಂದಿತ್ತ ನಾಲ್ಕು ಸಲ ಓಡಾಡಿ ಮೇಜಿಗೆ ಗುದ್ದಿದ. “ಹಾಕ್ತೀನಿ. ಅಧ್ಯಕ್ಷನ ಅಪ್ಪ ಬಂದರೂ ಹಾಕ್ತೀನಿ. ಆದರೆ ಅವಳ ಹೆಸರು ಬೇಡ ದೊಡ್ಡಪ್ಪ. ನನ್ನ ಹೆಸರು ಹಾಕಿ.”

“ಆಗಲ್ಲ.”

“ಯಾಕೆ ಆಗಲ್ಲ?”

“ಆ ಜಾಗದಲ್ಲಿ ಸಂಪಾದಕ ಬರೆಯೋ ಹಾಗಿಲ್ಲ. ನಿಯಮ ಮಾಡಿದ್ದು ನೀವೇ. ಹಿಂದಿನವನು ವಾರವಾರ ತನ್ನದೇ ತುಂಬಿಸ್ತಿದ್ದ ಅಂತ.” ಮುದುಕ ಕನ್ನಡಕ ಹಣೆಗೇರಿಸಿ ಅವನನ್ನು ಮೊದಲ ಸಲ ನೇರ ನೋಡಿದ. “ಕೆಲಸ ಬಿಟ್ಟೆ ಅಂತ ಒಂದು ಚೀಟಿ ಬರೆದುಕೊಡಿ. ಆಗ ನೀವೂ ಬರೀ ಸದಸ್ಯ. ಹಾಕ್ತೀನಿ. ಮೊದಲ ಪುಟದ್ದನ್ನ ತೆಗೆದು ಬಿಸಾಡ್ತೀನಿ, ಬೇಕಾದ್ರೆ.”

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಚೀಟಿ ಬರೆಯಲು ಎರಡು ನಿಮಿಷ ಸಾಕು, ಕಾಗದ ಮೇಜಿನ ಮೇಲೇ ಇತ್ತು, ಪೆನ್ಸಿಲು ಕಿವಿಯ ಮೇಲೆ. ಇನ್ನೇನು ಬರೆಯುತ್ತೇನೆ ಎಂದು ಅವನು ನಿಂತ. ಪತ್ರಿಕೆಯನ್ನು ಅಧ್ಯಕ್ಷನ ಕೈಗೆ ಬಿಟ್ಟು ಹೋಗುವುದು ಸರಿಯೇ? ಮುಂದಿನ ವಾರ ಅವಳ ಪರವಾಗಿ ಯಾರು ಬರೆಯುತ್ತಾರೆ? ನಿಯಮವೆಂದರೆ ನಿಯಮ. ತಾನೇ ಮಾಡಿದ ನಿಯಮವನ್ನು ತಾನೇ ಮುರಿದರೆ ಏನು ಬೆಲೆ? ಒಳಗೆಲ್ಲೋ ಒಂದು ಗಂಟು ಸಡಿಲವಾಗಿ ಮೈ ಹಗುರವಾಯಿತು. ಆ ಹಗುರ ಏನೆಂದು ಗೊತ್ತಾದಾಗ ಅವನಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. “ಅವಳ ಹೆಸರನ್ನೇ ಹಾಕಿ” ಎಂದ. ದೊಡ್ಡಪ್ಪ ಕನ್ನಡಕ ಇಳಿಸಿಕೊಂಡ. ಅಧ್ಯಕ್ಷನ ಮಾತು ಮೀರಿದ್ದೇನೆ, ಇದೂ ಧೈರ್ಯವೇ ಎಂದು ಸಂಪಾದಕ ಮನೆಯವರೆಗೆ ತನಗೆ ತಾನೇ ಹೇಳಿಕೊಂಡು ನಡೆದ. ಮನೆಯಲ್ಲಿ ಹೆಂಡತಿ ಚೀಲಕ್ಕೆ ಒಂದು ಹೊದಿಕೆ ಸೇರಿಸಿದ್ದಳು. ಊಟವಾಗಲಿ, ಆಮೇಲೆ ಹೇಳೋಣ ಎಂದುಕೊಂಡ, ಊಟವಾಯಿತು. ಬೆಳಗ್ಗೆ ಎಂದುಕೊಂಡ, ಬೆಳಗ್ಗೆ ಅವನು ಏಳುವ ಮುಂಚೆ ಅವಳು ಕೆಲಸಕ್ಕೆ ಹೋಗಿದ್ದಳು. ಸಿಪಾಯಿಗಳ ಬಟ್ಟೆಯ ಆರ್ಡರು ಬಂದು ಪಾಳಿ ಒಂದು ಗಂಟೆ ಮುಂಚೆ ಶುರುವಾಗುತ್ತಿತ್ತು.

ಅಂದು ಶುಕ್ರವಾರ. ಹೊಲಿಗೆ ಕಾರ್ಖಾನೆಯಲ್ಲಿ ಶುಕ್ರವಾರದ ಊಟದ ಬಿಡುವಿನಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ರೂಢಿ. ಓದು ಬಾರದವರೇ ಹೆಚ್ಚು. ಒಬ್ಬಳು ಓದುತ್ತಾಳೆ, ಉಳಿದವರು ಉಣ್ಣುತ್ತ ಕೇಳುತ್ತಾರೆ. ಓದುವವಳನ್ನು ಅವರೇ ಆರಿಸುತ್ತಾರೆ. ಅಚ್ಚಾದದ್ದನ್ನು ಓದಬೇಕು, ಬಿಡಬಾರದು, ಸೇರಿಸಬಾರದು. ಆರು ವರ್ಷದಿಂದ ಓದುತ್ತಿದ್ದವಳು ಅವನ ಹೆಂಡತಿ. ಅವಳು ಮೊದಲ ಪುಟ ಬಿಚ್ಚುವ ಮುಂಚೆ ಹಿಡಿದು ಹೇಳಿಬಿಡಬೇಕೆಂದು ಸಂಪಾದಕ ಓಡುನಡಿಗೆಯಲ್ಲಿ ಬಂದ. ಗೇಟಿನ ಕಾವಲುಗಾರ ತಡೆದ. ಒಳಗೆ ಬಿಡುವುದಿಲ್ಲವೆಂದಲ್ಲ, ಕೈ ಹಿಡಿದು ಕುಲುಕುವುದಕ್ಕೆ. “ಮೊದಲ ಪುಟ ಓದಿಸಿಕೊಂಡೆ ಸ್ವಾಮಿ. ಇಷ್ಟು ದಿನಕ್ಕೆ ಒಂದು ಒಳ್ಳೇ ಮಾತು ಬರೆದ್ರಿ ನೋಡಿ. ನಮ್ಮ ಭಾವಮೈದ ಸಿಪಾಯಿ...” ಭಾವಮೈದನ ಕಥೆಯಿಂದ ಕೈ ಬಿಡಿಸಿಕೊಂಡು ಅಂಗಳ ದಾಟುವಷ್ಟರಲ್ಲಿ ಅವಳ ದನಿ ಕೇಳಿಸುತ್ತಿತ್ತು.

ಉದ್ದನೆಯ ಕೋಣೆ, ನಲವತ್ತು ಮಷೀನು, ಎಲ್ಲ ಮಷೀನಿನ ಪಕ್ಕ ಮಣ್ಣುಬಣ್ಣದ ತೋಳುಗಳ ರಾಶಿ. ಬರೀ ತೋಳು, ಇನ್ನೂ ಮೈಗೆ ಸೇರಿಸಿರಲಿಲ್ಲ. ಅವಳು ಮಗುಚಿದ ಪೆಟ್ಟಿಗೆಯ ಮೇಲೆ ನಿಂತು ಓದುತ್ತಿದ್ದಳು. “ಮನೆಗೆ ಬೆಂಕಿ ಬಿದ್ದಾಗ ಮಾಲೀಕ ಯಾರು, ಬಾಡಿಗೆಯವನು ಯಾರು ಎಂದು ವಿಚಾರಿಸುತ್ತ ಕೂರಲಾಗದು.” ಈ ವಾಕ್ಯ ಬರೆದಾಗ ಅವನಿಗೆ ಹೆಮ್ಮೆಯಾಗಿತ್ತು. ಅವಳ ಓದು ಅಲ್ಲಿ ನಿಂತಿತು. ಅವನ ಅಂಗಿಗಳನ್ನು ಕತ್ತಲಲ್ಲಿ ಮುಟ್ಟಿ ಗುರುತಿಸುವವಳು, ವಾಕ್ಯವನ್ನು ಗುರುತಿಸದೆ ಇರುತ್ತಾಳೆಯೇ? ಮುಂದಿನದನ್ನು ದರಪಟ್ಟಿ ಓದುವ ಹಾಗೆ ಓದಿದಳು, ಒಂದಕ್ಷರ ಬಿಡದೆ, ಕೊನೆಯವರೆಗೆ. ಹೆಂಗಸರು ಉಣ್ಣುತ್ತಿದ್ದರು. ಅವನು ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತ.

ಅವಳು ಪುಟ ತಿರುಗಿಸಿದಳು. “ಹತ್ತು ಸಾಲು” ಎಂದಳು. “ಗಡಿಯ ಆಚೆ ನೂಲು ತೆಗೆಯುವವನ ಬೆರಳನ್ನು ನಾನು ನೋಡಿದ್ದೇನೆ. ನನ್ನ ಬೆರಳಿನ ಗಾಯ ಎಲ್ಲಿದೆಯೋ ಅವನದೂ ಅಲ್ಲೇ ಇದೆ. ಅವನು ನನ್ನಿಂದ ಏನನ್ನೂ ಕದ್ದಿಲ್ಲ. ಅವನನ್ನು ಕೊಲ್ಲು ಎಂದು ಹೇಳುವವರು ನಾಳೆ ಅವನ ಕಡೆಯವರ ಜೊತೆ ಕೂತು ಉಣ್ಣುತ್ತಾರೆ, ಆಗ ನಾವಿಬ್ಬರೂ ಇರುವುದಿಲ್ಲ...” ಅಗಿಯುವ ಸದ್ದು ನಿಂತಿತ್ತು. ಹತ್ತನೆಯ ಸಾಲು ಮುಗಿದು ಅವಳು ಕೆಳಗಿನ ಹೆಸರು ಓದಿದಾಗ ಎಲ್ಲರೂ ಸೂಜಿಯ ಕಡೆ ತಿರುಗಿದರು. ಸೂಜಿ ಡಬ್ಬಿಯ ಮೂಲೆ ಕೆರೆದು ತಿನ್ನುತ್ತಿದ್ದಳು. ಆಚೆ ಬಾಗಿಲಲ್ಲಿ ಮೇಲ್ವಿಚಾರಕ ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆದ.

ಹೆಂಡತಿ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿದಳು. “ಓದೋದು ಮುಗೀತು. ಇನ್ನು ನಾನು ಹೇಳೋದು ಇದರಲ್ಲಿ ಇಲ್ಲ. ರೂಢಿ ಮುರಿದೆ ಅಂತ ನನ್ನ ತೆಗೀರಿ ಬೇಕಾದ್ರೆ. ಈ ಹತ್ತು ಸಾಲು ಸೂಜಿ ಬರೆದದ್ದಲ್ಲ. ನಮ್ಮ ಮನೆಯವರು ಬರೆದದ್ದು. ಎರಡು ವರ್ಷದ ಹಿಂದೆ, ನನ್ನೆದುರಿಗೇ ಕೂತು.”

“ಅತ್ತಿಗೆ, ಸುಮ್ಮನಿರಿ” ಎಂದಳು ಸೂಜಿ.

“ನೀನು ಸುಮ್ಮನಿರು. ಅವರ ಮಾತಿಗೆ ನೀನ್ಯಾಕೆ ಜೈಲಿಗೆ ಹೋಗ್ತೀಯ? ಅವರಿಗೆ ಚೀಲ ಕಟ್ಟಿಟ್ಟಿದೀನಿ.”

ಕಿಟಕಿಯ ಪಕ್ಕದ ದಪ್ಪ ಹೆಂಗಸು, ಗುಂಡಿ ಹಾಕುವವಳು, ಕೈ ಎತ್ತದೆಯೇ ಕೇಳಿದಳು: “ಹಂಗಾದ್ರೆ ಆ ಮೊದಲನೇದು, ಬೆಂಕಿ ಬಿದ್ದದ್ದು, ಅದನ್ನ ಬರೆದೋರು ಯಾರು?”

“ಅದೂ ಅವರೇ.”

ಮೊದಲು ಒಬ್ಬಳು ನಕ್ಕಳು, ಆಮೇಲೆ ಸಾಲಿಗೆ ಸಾಲೇ. ಕೆಟ್ಟ ನಗುವಲ್ಲ; ಗಂಡಸರು ಅಂಗಿ ತಿರುಗುಮುರುಗು ಹಾಕಿಕೊಂಡು ಬಂದಾಗ ನಗುವ ನಗು. ಅದಕ್ಕೇ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ಎರಡರಲ್ಲಿ ಯಾವುದನ್ನ ನಂಬೋದಮ್ಮ ನಾವು?” ಎಂದಳು ಗುಂಡಿಯವಳು.

“ನನ್ನ ಯಾಕೆ ಕೇಳ್ತೀರಿ? ಅಲ್ಲೇ ನಿಂತಿದಾರಲ್ಲ, ಬಾಗಿಲಲ್ಲಿ. ಅವರನ್ನೇ ಕೇಳಿ.” ಅವಳು ಅವನನ್ನು ಆಗಲೇ ನೋಡಿದ್ದಳು. ಯಾವಾಗ ನೋಡಿದಳೋ.

ಎಲ್ಲ ಕಣ್ಣೂ ಇವನ ಮೇಲೆ. ಅವಳದು ಮಾತ್ರ ಪತ್ರಿಕೆಯ ಮಡಿಕೆಯ ಮೇಲೆ. ಅವನು ವಾಕ್ಯ ಜೋಡಿಸತೊಡಗಿದ. ಪರಿಸ್ಥಿತಿ ಎಂಬ ಪದದಿಂದ ಶುರುಮಾಡಬಹುದಿತ್ತು. ಸೂಜಿ ತಲೆ ತಗ್ಗಿಸಿಕೊಂಡಿದ್ದಳು, ಅವನಿಗಾಗಿ ನಾಚಿಕೊಂಡವಳ ಹಾಗೆ. ಮೇಲ್ವಿಚಾರಕ ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ ಕಾಯುತ್ತಿದ್ದ. ಈ ಊರಿನಲ್ಲಿ ಎಲ್ಲರಿಗೂ ಕಾಯುವ ತಾಳ್ಮೆ ಇದೆಯಲ್ಲ ಎಂದು ಅವನಿಗೆ ರೇಗಿಹೋಯಿತು.

“ಎರಡನೇದು” ಎಂದ.

“ಏನಂದ್ರು? ಹಿಂದಿನವರಿಗೆ ಕೇಳಿಸ್ಲಿಲ್ಲ.”

“ಎರಡನೇದು!” ದನಿ ಒಡೆದು ಕೀರಲಾಯಿತು. “ಎರಡನೇದು ನನ್ನದು. ಅವಳ ಹೆಸರು ಸುಳ್ಳು. ಬರಕೊಳ್ರೀ, ಬರಕೊಳ್ಳಿ.”

ಮೇಲ್ವಿಚಾರಕ ಬರೆದುಕೊಂಡ. ಸೂಜಿ ತಲೆ ಎತ್ತಿದಳು. ಈಗ ಯಾರೂ ನಗುತ್ತಿರಲಿಲ್ಲ. ಗುಂಡಿಯವಳು ಮಾತ್ರ, ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು, “ಮತ್ತೆ ಮೊದಲನೇದನ್ನ ಯಾಕೆ ಬರೆದ್ರಿ?” ಎಂದಳು.

ಅವನು ಬಾಯಿ ತೆರೆದದ್ದೂ ಗಂಟೆ ಹೊಡೆದದ್ದೂ ಒಟ್ಟಿಗೆ. ಡಬ್ಬಿಗಳು ಮುಚ್ಚಿಕೊಂಡವು, ಬೆಂಚುಗಳು ಸರಿದಾಡಿದವು, ನಲವತ್ತು ಮಷೀನು ಒಮ್ಮೆಗೇ ಶುರುವಾಗಿ ನೆಲ ಅದುರತೊಡಗಿತು. ಹೆಂಗಸರು ಮಣ್ಣುಬಣ್ಣದ ತೋಳುಗಳನ್ನು ಮಷೀನಿನ ಸೂಜಿಯ ಕೆಳಗೆ ತಳ್ಳಿ ಬಗ್ಗಿದರು. ಅವನು ನಿಲ್ಲಿಸಲಿಲ್ಲ. ಏನಯ್ಯಾ ಎಂದು ಅಧ್ಯಕ್ಷ ಪ್ರೀತಿಯಿಂದ ಕೇಳಿದ್ದು, ಎಡಗಡೆಯವನು, ಬಲಗಡೆಯವನು, ಚೀಟಿ ಬರೆಯಲು ಇದ್ದ ಎರಡು ನಿಮಿಷ, ಬಾಯಿಗೆ ಹೋದ ಸೋಪು, ಎಲ್ಲವನ್ನೂ ಒಂದೂ ಬಿಡದೆ, ಜೋಡಿಸದೆ, ಕಿರುಚಿ ಕಿರುಚಿ ಹೇಳುತ್ತಿದ್ದ. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಹೆಂಡತಿ ಒಂದು ತೋಳು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಇನ್ನೊಂದನ್ನು ಎತ್ತಿಕೊಳ್ಳುವ ಮುಂಚೆ ತಲೆ ಎತ್ತಿ ಅವನ ತುಟಿಗಳು ಅಲ್ಲಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು.